ಮರಳಿನ ಮೇಲಣ ಅಕ್ಷರ, ಮನೆಯ ಮಾತು

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳ ಪಾಠಶಾಲೆಗಳ ಲೆಕ್ಕ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್‌ನ 1823ರ ವರದಿಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಲೆಕ್ಕಕ್ಕೆ ಬಂದಿದ್ದಾರೆ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದರು. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣಗಳ ಪಾಠವಿತ್ತು. ಆದರೆ ಕಾವ್ಯದ ನುಡಿ ಆಡುನುಡಿಗಿಂತ ಬೇರೆಯಾದುದರಿಂದ, ಕಂಠಪಾಠವಾದರೂ ಅರ್ಥವಾಗದೆಂಬುದು ಆತನ ಆಕ್ಷೇಪ.

ಇಸಳೂರು ಸೇರಿದ ಶಿರಸಿಯ ಸೀಮೆ ಆಗ ಕೆನರಾ ಜಿಲ್ಲೆಯಲ್ಲಿತ್ತು. ಅಲ್ಲಿಯ ಕಲೆಕ್ಟರ್ ಹ್ಯಾರಿಸ್ ಅಂಕಿಗಳನ್ನೇ ಕಳುಹಲಿಲ್ಲ. ವಿದ್ಯಾಭ್ಯಾಸ ಖಾಸಗಿಯಾಗಿ ನಡೆಯುವುದರಿಂದ ಲೆಕ್ಕವು ದಾರಿ ತಪ್ಪಿಸೀತೆಂದನು. ಅಂಕಿಯಿಲ್ಲವೆಂದ ಮಾತ್ರಕ್ಕೆ ಅಕ್ಷರವೂ ಇರಲಿಲ್ಲವೆನ್ನುವುದು ಸಲ್ಲದು. ಹಾಗೆಂದು ವಿದ್ಯೆ ಎಲ್ಲರಿಗೂ ದಕ್ಕಿತ್ತೆನ್ನಲೂ ಬಾರದು: ಬಳ್ಳಾರಿಯ ಲೆಕ್ಕದಲ್ಲಿಯೇ ಹೆಣ್ಣುಮಕ್ಕಳು ಕೇವಲ 60.

ಮಗುವಿಗೆ ಮೊದಲ ಮಾತು ಕೊಟ್ಟವಳು ತಾಯಿ. ಅಕ್ಷರದ ಮರಳು ಮಾತ್ರ ಆಕೆಗೆ ದೊರೆಯಲಿಲ್ಲ. ಮನೆಯ ಮಾತಿಗೂ ಓಲೆಯ ಮಾತಿಗೂ ನಡುವೆ ಬಿದ್ದ ಅಂತರಕ್ಕೆ ಇದೂ ಒಂದು ಕಾರಣವೆನ್ನಬೇಕು. ಇಂದು ಹವಿಗನ್ನಡವನ್ನೋ ಕೊಂಕಣಿಯನ್ನೋ ಆಡುತ್ತ ಅಂಗನವಾಡಿಗೆ ಬರುವ ಮಗುವಿನ ಮಾತನ್ನು ತಿದ್ದುವ ಮುನ್ನ ಆಲಿಸಬೇಕು. ಆಡಿದ ಮಾತೇ ಅಕ್ಷರಕ್ಕೆ ಅರ್ಥ ತುಂಬುವುದು. ಇನ್ನೂರು ವರ್ಷಗಳ ಹಿಂದಿನ ಆ ಆಕ್ಷೇಪದಿಂದ ನಾವು ಕಲಿಯಬೇಕಾದ ಪಾಠವಿದು.