ಸಂತೆ, ಉದ್ರಿ ಪುಸ್ತಕ ಮತ್ತು ದೊಡ್ಡ ಮಳಿಗೆ



ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಕೊಡಗಿನ ಪೇಟೆಗಳ ಮುಖ್ಯರಸ್ತೆಗಳಲ್ಲಿ ಗಾಜಿನ ಬಾಗಿಲಿನ ದೊಡ್ಡ ಮಳಿಗೆಗಳು ಒಂದೊಂದಾಗಿ ತೆರೆದುಕೊಳ್ಳುತ್ತಿವೆ. ರಜೆಯಲ್ಲಿ ಊರಿಗೆ ಬರುವ ನಿಮ್ಮಲ್ಲಿ ಹಲವರು "ಸರ್, ನಮ್ಮೂರು ಬೆಳೆದುಬಿಟ್ಟಿತು" ಎಂದು ಸಂತೋಷಪಡುತ್ತೀರಿ. ಅದೇ ರಸ್ತೆಯಲ್ಲಿ ಮೂರು ತಲೆಮಾರಿನಿಂದ ಜಿನಸಿನ ಅಂಗಡಿ ಇಟ್ಟುಕೊಂಡವರು "ಮೇಷ್ಟ್ರೇ, ನಮ್ಮ ಕಥೆ ಇಲ್ಲಿಗೆ ಮುಗಿಯಿತು" ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ನಿಜ? ಸಮಾಜಶಾಸ್ತ್ರದ ಮೇಷ್ಟ್ರಾಗಿದ್ದವನಿಗೆ ಇಂತಹ ಪ್ರಶ್ನೆ ಎದುರಾದಾಗ ಹಿಂದಿನದನ್ನು ನೋಡುವುದಲ್ಲದೆ ಬೇರೆ ದಾರಿ ತಿಳಿಯದು. ಆದುದರಿಂದ ಈ ಬರಹ.

ನಮ್ಮ ಊರುಗಳ ಹೆಸರಿನಲ್ಲಿಯೇ ವ್ಯಾಪಾರದ ಚರಿತ್ರೆ ಅಡಗಿದೆ. ಸೋಮವಾರಪೇಟೆ ಸೋಮವಾರದ ಸಂತೆಯಿಂದ ಹೆಸರು ಪಡೆಯಿತು. ಶನಿವಾರಸಂತೆಯ ಹೆಸರನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ವಿರಾಜಪೇಟೆಯನ್ನು ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದನು. ಹೊರಗಿನಿಂದ ಬಂದವರನ್ನು ಅಲ್ಲಿ ನೆಲೆಗೊಳಿಸಿ ಪೇಟೆಯನ್ನು ಬೆಳೆಸಿದನು. ಮಡಿಕೇರಿಗೆ ಶುಕ್ರವಾರ, ಕುಶಾಲನಗರಕ್ಕೆ ಮಂಗಳವಾರ, ವಿರಾಜಪೇಟೆಗೆ ಬುಧವಾರ, ಗೋಣಿಕೊಪ್ಪಕ್ಕೆ ಭಾನುವಾರ ಎಂದು ಸಂತೆಯ ದಿನಗಳು ಹಂಚಿಹೋದುದರಿಂದ ಒಬ್ಬನೇ ವ್ಯಾಪಾರಿ ವಾರವಿಡೀ ಊರಿಂದ ಊರಿಗೆ ತಿರುಗಿ ಜೀವನ ಸಾಗಿಸಬಹುದಾಗಿತ್ತು. ಒಂದು ಊರಿನ ಲಾಭ ಮತ್ತೊಂದು ಊರಿನ ನಷ್ಟವಾಗದಂತೆ ಹಿರಿಯರು ಮಾಡಿಕೊಂಡಿದ್ದ ಏರ್ಪಾಡು ಇದು ಎಂದರೆ ಅತಿಶಯೋಕ್ತಿಯಾಗಲಾರದು.

ಕಾಫಿ ಬರುವುದಕ್ಕೆ ಮೊದಲು ಕೊಡಗಿನ ಮುಖ್ಯ ಸಂಪತ್ತು ಭತ್ತ. ನಮ್ಮ ಅಕ್ಕಿ ಘಟ್ಟವಿಳಿದು ಮಲಬಾರಿಗೆ ಹೋಗುತ್ತಿತ್ತು. ಅಲ್ಲಿಂದ ಉಪ್ಪು, ಒಣಮೀನು, ತೆಂಗಿನಕಾಯಿಗಳು ಎತ್ತುಗಳ ಬೆನ್ನೇರಿ ಮೇಲೆ ಬರುತ್ತಿದ್ದವು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಎರಡು ದಶಕಗಳ ತರುವಾಯ, 1854ರಲ್ಲಿ, ಫೌಲರ್ ಎಂಬ ಐರೋಪ್ಯ ಪ್ಲಾಂಟರ್ ಮಡಿಕೇರಿಯ ಬಳಿ ಕಾಫಿ ತೋಟವನ್ನು ಆರಂಭಿಸಿದನು. ಅಲ್ಲಿಂದ ಮುಂದೆ ಕಾಡು ತೋಟವಾಯಿತು. ತೋಟದೊಂದಿಗೆ ಕೂಲಿಯ ಲೈನ್ ಮನೆಗಳು ಬಂದವು, ಲೈನ್ ಮನೆಗಳೊಂದಿಗೆ ವಾರದ ಬಟವಾಡೆ ಬಂದಿತು. ಹಲವು ತೋಟಗಳಲ್ಲಿ ಇಂದಿಗೂ ವಾರದ ರಜೆ ಭಾನುವಾರವಲ್ಲ, ಹತ್ತಿರದ ಪೇಟೆಯ ಸಂತೆಯ ದಿನ. ನನ್ನ ಹಾಜರಿ ಪುಸ್ತಕದಲ್ಲಿಯೂ ಸಂತೆಯ ದಿನದ ಸಾಲಿನಲ್ಲಿ ಗೈರುಹಾಜರಿ ಹೆಚ್ಚು. ತಾಯಿಯ ಚೀಲ ಹೊರಲು ಹೋದ ಹುಡುಗನಿಗೆ ಏನೆಂದು ಶಿಕ್ಷೆ ಕೊಡುವುದು!

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಭತ್ತವಾಗಲಿ ಕಾಫಿಯಾಗಲಿ, ಬೆಳೆಗಾರನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ. ಕಾಫಿ ಕೊಯ್ಲು ಪುತ್ತರಿಯ ಆಚೀಚೆ ಆರಂಭವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಖರ್ಚು ಬರುವುದು ಜೂನ್ ತಿಂಗಳಿನಿಂದ. ಮಕ್ಕಳ ಶಾಲೆ, ಗೊಬ್ಬರ, ಮಾಡಿನ ರಿಪೇರಿ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ಕಕ್ಕಡದ ಮಳೆ ಹಿಡಿದರೆ ಕೂಲಿಯವರಿಗೂ ದಿನಗಟ್ಟಲೆ ಕೆಲಸವಿರದು. ಹಣ ಬರುವ ಕಾಲಕ್ಕೂ ಹಸಿವಿನ ಕಾಲಕ್ಕೂ ನಡುವೆ ಇರುವ ಈ ಕಂದಕವನ್ನು ಮುಚ್ಚಿದವರು ಯಾರು? ಬ್ಯಾಂಕುಗಳಲ್ಲ. ಕೆಂಪು ರಟ್ಟಿನ ಉದ್ದನೆಯ ಪುಸ್ತಕ ಇಟ್ಟುಕೊಂಡಿದ್ದ ಜಿನಸಿನ ಅಂಗಡಿಯವರು. ಅಕ್ಕಿ, ಬೇಳೆ, ಸೀಮೆಎಣ್ಣೆ, ಕಂಬಳಿ, ಗೊರಬೆಗಳನ್ನು ಬರೆಸಿ ಒಯ್ಯುವುದು, ಕಾಫಿ ಮಾರಿದ ಮೇಲೆ ಲೆಕ್ಕ ತೀರಿಸುವುದು. ಇದೇ ನಮ್ಮ ಪೇಟೆಯ ನಿಜವಾದ ಬಂಡವಾಳ.

ಈ ಉದ್ರಿ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸುವ ಇಚ್ಛೆ ನನಗಿಲ್ಲ. ಬರೆಸಿ ಒಯ್ದ ಸಾಮಾನಿಗೆ ನಗದಿಗಿಂತ ನಾಲ್ಕು ಕಾಸು ಹೆಚ್ಚು ಬೀಳುತ್ತಿತ್ತು. ಹೂ ಬಿಡುವ ಮೊದಲೇ ಫಸಲನ್ನು ಸಾಲಕ್ಕೆ ಕಟ್ಟಿಬಿಟ್ಟವರಿದ್ದರು. ಓದು ಬಾರದ ಕೂಲಿಯಾಳಿಗೆ ಪುಸ್ತಕದಲ್ಲಿ ಬರೆದುದೇ ವೇದ. ನಾನು ಏಳನೆಯ ತರಗತಿ ಬಿಡಿಸಿದ್ದ ಮಗಳೊಬ್ಬಳನ್ನು ತಂದೆಯೇ ಮರಳಿ ಶಾಲೆಗೆ ಕರೆತಂದು, "ಇವಳು ಅಂಗಡಿ ಲೆಕ್ಕ ಓದುವಷ್ಟಾದರೂ ಕಲಿಯಲಿ ಸರ್" ಎಂದು ಕೈಮುಗಿದವರೂ ಇದ್ದರು ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು. ಇಷ್ಟೆಲ್ಲ ದೋಷಗಳಿದ್ದರೂ ಮಳೆಗಾಲದಲ್ಲಿ ಒಲೆ ಉರಿಯುತ್ತಿದ್ದುದು ಆ ಪುಸ್ತಕದಿಂದಲೇ ಎಂಬುದನ್ನು ಮರೆಯುವಂತಿಲ್ಲ.

ದೊಡ್ಡ ಮಳಿಗೆ ಎಂಬುದೂ ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. ಮದರಾಸಿನ ಸ್ಪೆನ್ಸರ್ ಕಂಪೆನಿ ಆರಂಭವಾದುದು 1863ರಲ್ಲಿ. ಸಾಮಾನ್ಯ ಜನರಿಗಾಗಿ ದೊಡ್ಡ ಅಂಗಡಿ ತೆರೆಯುವ ಪ್ರಯತ್ನವನ್ನು ನಮ್ಮಲ್ಲಿ ಮಾಡಿದುದು ಸರಕಾರ ಹಾಗೂ ಸಹಕಾರ ಸಂಘಗಳು. 1962ರ ಚೀನಾ ಯುದ್ಧದ ಸಮಯದಲ್ಲಿ ಬೆಲೆಗಳು ಏರದಂತೆ ತಡೆಯಲು ಕೇಂದ್ರ ಸರಕಾರವು ಬಳಕೆದಾರರ ಸಹಕಾರ ಭಂಡಾರಗಳ ಯೋಜನೆಯನ್ನು ಕೈಗೊಂಡಿತು. 1966ರ ಜೂನ್ 6ರಂದು ರೂಪಾಯಿ ಅಪಮೌಲ್ಯವಾದಾಗ ಪೇಟೆಯಲ್ಲಿ ದಿಗಿಲು ಹುಟ್ಟಿತು. ಮರುತಿಂಗಳೇ ದೆಹಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ನಮ್ಮ ರಾಜ್ಯದಲ್ಲಿ ಜನತಾ ಬಜಾರ್ ಎಂಬ ಹೆಸರು ಮನೆಮಾತಾಯಿತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರನ್ನು ನಿಮ್ಮ ತಂದೆತಾಯಂದಿರು ಬಲ್ಲರು. ಚೌಕಾಸಿಯಿಲ್ಲದ ಒಂದೇ ಬೆಲೆ, ಸರಿಯಾದ ತೂಕ, ರಸೀದಿ. ಇವು ಬಡವನಿಗೂ ಸಲ್ಲಬೇಕು ಎಂಬ ಒಳ್ಳೆಯ ಉದ್ದೇಶ ಅಲ್ಲಿತ್ತು. ಆದರೆ ಆ ಭಂಡಾರಗಳಲ್ಲಿ ಬಹುಪಾಲು ನಷ್ಟಕ್ಕೆ ಸಿಲುಕಿ ಸೊರಗಿದವು.

ಇನ್ನು ಕಾಫಿಯ ಹಣದ ಕಥೆಗೆ ಬರೋಣ. ಅದಿಲ್ಲದೆ ನಮ್ಮ ಅಂಗಡಿಗಳ ಕಥೆ ಅರ್ಥವಾಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿತ್ತು. ಮೊದಲೊಂದು ಮುಂಗಡ, ಅನಂತರ ಕಂತುಗಳು. ಹಣ ನಿಧಾನವಾಗಿ ಬರುತ್ತಿತ್ತು, ಆದರೆ ಬರುವುದು ಖಚಿತವಾಗಿತ್ತು. ಅಂಗಡಿಯವನು ಧೈರ್ಯದಿಂದ ಉದ್ರಿ ಬರೆದುಕೊಂಡುದು ಆ ಖಚಿತತೆಯ ಮೇಲೆಯೇ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ನಮ್ಮಲ್ಲಿ 1992ರಿಂದ ಮುಕ್ತ ಮಾರಾಟಕ್ಕೆ ಹಂತಹಂತವಾಗಿ ಬಾಗಿಲು ತೆರೆದು, 1996ರಲ್ಲಿ ಪೂಲ್ ಪೂರ್ಣವಾಗಿ ಕೊನೆಗೊಂಡಿತು. ಇದರ ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು. ಆ ವರ್ಷಗಳಲ್ಲಿ ನಮ್ಮ ಪೇಟೆಗಳಲ್ಲಿ ಕಂಡ ಹೊಸ ಜೀಪು, ಹೊಸ ಟಿ.ವಿ., ಹೊಸ ಮನೆಗಳನ್ನು ನೆನಪಿಸಿಕೊಳ್ಳಿ.

ಆಮೇಲೆ ಬಂದುದು ಕುಸಿತ. ವಿಯೆಟ್ನಾಂ ಬೆಳೆದ ರೋಬಸ್ಟಾ ಕಾಫಿಯ ಮಹಾಪೂರದಿಂದ ಸುಮಾರು 1999ರಿಂದ 2004ರವರೆಗೆ ಬೆಲೆ ನೆಲಕಚ್ಚಿತು. ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದೆಂದು ಕೆಲವರು ಗಿಡದಲ್ಲಿಯೇ ಬಿಟ್ಟರು. ಬೆಳೆಗಾರರ ಸಾಲವನ್ನು ಮರುಹೊಂದಿಸಲು 2002ರಲ್ಲಿ ವಿಶೇಷ ಕಾಫಿ ಅವಧಿ ಸಾಲ, 2010ರಲ್ಲಿ ಸಾಲ ಪರಿಹಾರ ಯೋಜನೆ ಬಂದವು ಎಂದರೆ ಗಾಯ ಎಷ್ಟು ಆಳವಾಗಿತ್ತೆಂದು ಊಹಿಸಬಹುದು. ಆ ಐದು ವರ್ಷಗಳಲ್ಲಿ ಎಷ್ಟೋ ಮನೆಗಳಿಗೆ ಅಕ್ಕಿ ಹೋದುದು ಉದ್ರಿ ಪುಸ್ತಕದ ಮೂಲಕವೇ. ನಿಮ್ಮಲ್ಲಿ ಕೆಲವರು ಎಸ್.ಎಸ್.ಎಲ್.ಸಿ. ಮುಗಿಸಿ ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿದ ಕಾಲ ಅದು. ನಿಮ್ಮ ಮನೆಯ ಹಳೆಯ ಬಾಕಿಯನ್ನು ಅಂಗಡಿಯವರು ಎಷ್ಟು ವರ್ಷ ಕಾದಿದ್ದರೆಂಬುದನ್ನು ನಿಮ್ಮ ತಾಯಿಯನ್ನು ಕೇಳಿ ನೋಡಿ.

ಪೇಟೆ ಹೇಗೆ ಬದುಕುತ್ತದೆ, ಹೇಗೆ ಬಾಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಇನ್ನೊಂದು ನಿದರ್ಶನವಿದೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದಾಗ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳ ಕಟ್ಟಡಗಳೇನೂ ಬೀಳಲಿಲ್ಲ. ಗಣಿಯ ಸಂಬಳ ಮಾತ್ರ ನಿಂತಿತು. ಅಲ್ಲಿನ ಸಾವಿರಾರು ಜನರು ನಸುಕಿನಲ್ಲಿಯೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಊರಿಗೆ ಸಂಪಾದನೆ ಬಂದರೆ ಅಂಗಡಿ ಬರುತ್ತದೆ. ಅಂಗಡಿ ಬಂದ ಮಾತ್ರಕ್ಕೆ ಸಂಪಾದನೆ ಬರುವುದಿಲ್ಲ.

ಹಾಗಾದರೆ ಈ ದೊಡ್ಡ ಮಳಿಗೆಗಳು ನಮ್ಮಲ್ಲಿಗೆ ಬಂದುದೇಕೆ? ಜನ ಹೆಚ್ಚಿದ್ದಾರೆಯೇ? 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561; 2011ರಲ್ಲಿ 5,54,519. ಹತ್ತು ವರ್ಷಗಳಲ್ಲಿ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಏರಿಕೆ. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ಶೇಕಡಾ 15ಕ್ಕೂ ಅಧಿಕ. ಅಂದರೆ ನೀವೆಲ್ಲ ಹೊರಗಿದ್ದೀರಿ. 2012ರಲ್ಲಿ ವಿದೇಶೀ ಬಂಡವಾಳದ ಚಿಲ್ಲರೆ ಮಳಿಗೆಗಳಿಗೆ ಅನುಮತಿ ನೀಡಿದಾಗ ಕೇಂದ್ರ ಸರಕಾರವು ಅವುಗಳನ್ನು ಮುಖ್ಯವಾಗಿ ಹತ್ತು ಲಕ್ಷ ಮೀರಿದ ನಗರಗಳಿಗೆ ಸೀಮಿತಗೊಳಿಸಿತ್ತು; ನಮ್ಮ ಇಡೀ ಜಿಲ್ಲೆಯೇ ಅದರ ಅರ್ಧದಷ್ಟು! ದೇಶೀ ಕಂಪೆನಿಗಳಿಗೆ ಅಂತಹ ಮಿತಿಯಿಲ್ಲ. ಅವು ಬಂದುದು ಪ್ರವಾಸಿಗರ ಹಣವನ್ನೂ, ನೀವು ಮನೆಗೆ ಕಳುಹಿಸುವ ಹಣವನ್ನೂ, ಇತ್ತೀಚೆಗೆ ಏರಿದ ಕಾಫಿ ಬೆಲೆಯನ್ನೂ ನೋಡಿ. 2024–25ರ ಹಂಗಾಮಿನಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿತು.

ಮಳಿಗೆಯಿಂದ ಒಳ್ಳೆಯದಾಗಿಲ್ಲವೆಂದು ಹೇಳಲಾರೆ. ಲೈನ್ ಮನೆಯ ಹೆಂಗಸರೂ ಯಾರ ಮುಲಾಜೂ ಇಲ್ಲದೆ ಸಾಮಾನನ್ನು ಕೈಗೆತ್ತಿಕೊಂಡು, ಬೆಲೆ ಓದಿ, ಬೇಡವೆಂದರೆ ಮರಳಿ ಇಡುತ್ತಾರೆ. ಹಳೆಯ ಅಂಗಡಿಯ ಕಟ್ಟೆಯ ಮುಂದೆ ನಿಂತು ಸರದಿ ಕಾಯುತ್ತಿದ್ದವರಿಗೆ ಇದೇನೂ ಸಣ್ಣ ಸಂಗತಿಯಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯರ ಮಕ್ಕಳು ಅಲ್ಲಿ ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದಾರೆ.

ಆದರೆ ಅಮೆರಿಕದ ಅಯೋವಾ ರಾಜ್ಯದಿಂದ ಬಂದ ಒಂದು ಅಧ್ಯಯನ ನಮಗೆ ಎಚ್ಚರಿಕೆಯಾಗಬೇಕು. ಅಲ್ಲಿನ ವಿಶ್ವವಿದ್ಯಾಲಯದ ಕೆನೆತ್ ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದ ಕೊನೆಯಲ್ಲಿ ವಾಲ್‌ಮಾರ್ಟ್ ಮಳಿಗೆಗಳ ಪರಿಣಾಮವನ್ನು ಪರಿಶೀಲಿಸಿದರು. ಮಳಿಗೆ ತೆರೆದ ಊರಿನ ಒಟ್ಟು ವ್ಯಾಪಾರ ಹೆಚ್ಚಿತ್ತು. ಸುತ್ತಮುತ್ತಲಿನ ಚಿಕ್ಕ ಊರುಗಳ ವ್ಯಾಪಾರ ಕುಗ್ಗಿತ್ತು. ಇದನ್ನು ನಮ್ಮ ಜಿಲ್ಲೆಗೆ ಅನ್ವಯಿಸಿ ನೋಡಿ. ಕುಶಾಲನಗರ, ಮಡಿಕೇರಿಗಳು ಮಿನುಗಬಹುದು. ನಾಪೋಕ್ಲು, ಕೊಡ್ಲಿಪೇಟೆಗಳ ಅಂಗಡಿಗಳ ಗತಿ ಏನು? ಇನ್ನೊಂದು ಅಪಾಯವೂ ಉಂಟು. ದೊಡ್ಡವರೂ ಬೀಳುತ್ತಾರೆ. ಚೆನ್ನೈಯಿಂದ ಹಬ್ಬಿದ್ದ ಸುಭಿಕ್ಷಾ 2009ರಲ್ಲಿ ಮುಚ್ಚಿತು. 2001ರಲ್ಲಿ ಶುರುವಾಗಿ ದೇಶವನ್ನೆಲ್ಲ ವ್ಯಾಪಿಸಿದ್ದ ಬಿಗ್ ಬಜಾರ್ 2022ರಲ್ಲಿ ಕುಸಿಯಿತು. ಅಷ್ಟು ಹೊತ್ತಿಗೆ ಚಿಕ್ಕ ಅಂಗಡಿಗಳೂ ಬಾಗಿಲು ಹಾಕಿದ್ದರೆ ಊರಿನ ಪಾಡೇನು?

ಕಷ್ಟದ ದಿನಗಳನ್ನು ನಾವು ಈಚೆಗೂ ಕಂಡಿದ್ದೇವೆ. 2016ರ ನವೆಂಬರಿನಲ್ಲಿ, ಕೊಯ್ಲಿನ ಮುಂಬಾಗಿಲಲ್ಲಿಯೇ, ಐನೂರು ಮತ್ತು ಸಾವಿರದ ನೋಟುಗಳು ರದ್ದಾದಾಗ ಬಟವಾಡೆಗೆ ಹಣವಿಲ್ಲದೆ ತೋಟಗಳು ತತ್ತರಿಸಿದವು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದವು, ಸಂಪಾಜೆ ಘಟ್ಟದ ರಸ್ತೆ ಕುಸಿಯಿತು, ಪ್ರವಾಸಿಗರ ಬರವು ನಿಂತು ಮಡಿಕೇರಿ ಬಿಕೋ ಎಂದಿತು. 2020ರಲ್ಲಿ ಲಾಕ್‌ಡೌನ್. ಈ ಮೂರು ಸಂದರ್ಭಗಳಲ್ಲಿಯೂ ನಮ್ಮ ಬೀದಿಯ ಅಂಗಡಿಯವರು "ಕೊಟ್ಟಾಗ ಕೊಡಿ" ಎಂದು ಬರೆದುಕೊಂಡು ಸಾಮಾನು ಕೊಟ್ಟುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡ ಮಳಿಗೆಯ ಗಣಕಯಂತ್ರಕ್ಕೆ ಮುಖಪರಿಚಯವಿಲ್ಲ. ಅಲ್ಲಿನ ಹುಡುಗಿ ಪರಿಚಿತಳಾದರೂ ಉದ್ರಿ ಕೊಡುವ ಅಧಿಕಾರ ಅವಳಿಗಿಲ್ಲ.

ಕಾಫಿಯ ಬೆಲೆ ಮುಂದೆಯೂ ಇಳಿಯುತ್ತದೆ. ಚರಿತ್ರೆಯಲ್ಲಿ ಇಳಿಯದೆ ನಿಂತ ಬೆಲೆಯಿಲ್ಲ. ಅಂತಹ ವರ್ಷದ ಜುಲೈ ತಿಂಗಳಿನಲ್ಲಿ, ಕೈಯಲ್ಲಿ ಕಾಸಿಲ್ಲದ ಮನೆಗೆ ಅಕ್ಕಿ ಕೊಡುವವರು ಯಾರು? ಊರು ಬೆಳೆಯಿತೋ ಇಲ್ಲವೋ ಎಂಬುದನ್ನು ಅಳೆಯಲು ನನಗೆ ತಿಳಿದ ಅಳತೆ ಇದೊಂದೇ. ಆ ಹೊಣೆಯನ್ನು ಹೊರಬಲ್ಲವು ನಮ್ಮ ಊರೂರಿನ ಸಹಕಾರ ಸಂಘಗಳು. ಸದಸ್ಯರ ಪಹಣಿಯೂ ಫಸಲೂ ಅವುಗಳಿಗೆ ಗೊತ್ತು. ಬರಿಯ ಗೊಬ್ಬರ ಮಾರುವುದರಲ್ಲಿ ನಿಲ್ಲದೆ ಮಳೆಗಾಲದ ಜಿನಸಿನ ಸಾಲವನ್ನು ನ್ಯಾಯವಾದ ಬೆಲೆಗೆ, ಸರಿಯಾದ ರಸೀದಿಯೊಂದಿಗೆ ಕೊಡುವಂತಾದರೆ ಹಳೆಯ ಪುಸ್ತಕದ ಒಳಿತು ಉಳಿದು ಅದರ ಅನ್ಯಾಯ ಅಳಿಯುತ್ತದೆ. ನಿಮ್ಮಲ್ಲಿ ಹಲವರ ಮನೆಯವರು ಈ ಸಂಘಗಳ ಸದಸ್ಯರಾಗಿದ್ದಾರೆ. ವಾರ್ಷಿಕ ಮಹಾಸಭೆಗೆ ಹೋಗಿ ಈ ಮಾತನ್ನು ಎತ್ತುವಂತೆ ಅವರಿಗೆ ಹೇಳಿ. ಊರಿಗೆ ಬಂದಾಗ ದೊಡ್ಡ ಮಳಿಗೆಗೆ ಧಾರಾಳವಾಗಿ ಹೋಗಿ, ಆದರೆ ಒಂದು ಚೀಲವನ್ನಾದರೂ ಸಂತೆಯಲ್ಲಿ ತುಂಬಿಸಿಕೊಳ್ಳಿ. ಹಳೆಯ ಅಂಗಡಿಯಲ್ಲಿ ಮನೆಯ ಬಾಕಿ ಉಳಿದಿದ್ದರೆ ತೀರಿಸಿ ಹೋಗಿ.

ನಿಮ್ಮ ಮನೆಯ ಉದ್ರಿ ಪುಸ್ತಕದ ನೆನಪುಗಳಿದ್ದರೆ ಬರೆದು ತಿಳಿಸಿ. ಓದಿ ಸಂತೋಷಪಡುತ್ತೇನೆ. ಎಲ್ಲರಿಗೂ ಶುಭವಾಗಲಿ.