ಗದ್ದೆ, ಗರಡಿ, ರಂಗಸ್ಥಳ, ಬೆಳ್ಳಿತೆರೆ: ಕೋಟಿ ಚೆನ್ನಯ ಕಥನದ ರೂಪಾಂತರಗಳು

ಕೋಟಿ ಚೆನ್ನಯರ ಕತೆಯ ಭೂಪಟ ಚಿಕ್ಕದು. ಅವಳಿ ವೀರರು ಹುಟ್ಟಿ ಬೆಳೆದ ಪಡುಮಲೆ ಪುತ್ತೂರು ತಾಲೂಕಿನಲ್ಲಿದೆ. ಅವರನ್ನು ಸೆರೆಗೆ ತಳ್ಳಿದ ಪಂಜ, ಅವರಿಗೆ ಆಶ್ರಯ ಕೊಟ್ಟು ಕೊನೆಗೆ ಅವರ ಸಮಾಧಿಯನ್ನೂ ಇಟ್ಟುಕೊಂಡ ಎಣ್ಮೂರು ಸುಳ್ಯ–ಕಡಬ ಸೀಮೆಯ ಊರುಗಳು. ಸುಳ್ಯದ ಪಕ್ಕದ ಅಜ್ಜಾವರದಿಂದ ಬೆಳಗ್ಗೆ ಹೊರಟರೆ ಮೂರನ್ನೂ ನೋಡಿ ಸಂಜೆಯೊಳಗೆ ಮನೆ ಸೇರಬಹುದು. ಈ ಸಣ್ಣ ಆವರಣದೊಳಗೆ ಹುಟ್ಟಿದ ಕತೆ ಪಾಡ್ದನವೆಂಬ ತುಳು ಕಥನಗೀತೆಯಿಂದ ಪುಸ್ತಕಕ್ಕೆ, ಪುಸ್ತಕದ ಜೊತೆಜೊತೆಗೇ ಯಕ್ಷಗಾನದ ರಂಗಸ್ಥಳಕ್ಕೂ ನಾಟಕದ ವೇದಿಕೆಗೂ, ಅಲ್ಲಿಂದ ತುಳು ಸಿನಿಮಾಕ್ಕೂ ದಾಟಿದೆ.

ಅಜ್ಜಾವರದಂಥ ಊರಿನಲ್ಲಿ ಈ ದಾಟುವಿಕೆ ವಿಶೇಷವಾಗಿ ಕಾಣುತ್ತದೆ. ಕೇರಳದ ಗಡಿಯ ಮಗ್ಗುಲಿನ ಈ ಭಾಗದಲ್ಲಿ ಎಷ್ಟೋ ಮನೆಗಳ ಮಾತು ಅರೆಭಾಷೆ, ಅಂಗಡಿ ಬೀದಿಯ ಮಾತು ತುಳು, ಶಾಲೆಯ ಓದು ಕನ್ನಡ, ನೆರೆಮನೆಯಲ್ಲಿ ಮಲಯಾಳ. ತುಳುವಿನಲ್ಲಿ ಹಾಡಿದ್ದನ್ನು ಕೇಳಿ, ಕನ್ನಡದಲ್ಲಿ ಅದನ್ನೇ ಓದಿ, ರಾತ್ರಿ ಯಕ್ಷಗಾನದ ಆಟದಲ್ಲಿ ಅದನ್ನೇ ನೋಡಿ ಬೆಳೆದವರು ಇಲ್ಲಿ ಇದ್ದಾರೆ. ಅವರ ಮನಸ್ಸಿನಲ್ಲಿರುವ ಕೋಟಿ ಚೆನ್ನಯರು ಯಾವ ಒಂದು ರೂಪದವರೂ ಅಲ್ಲ. ಒಂದೊಂದು ಮಾಧ್ಯಮವೂ ಈ ಕತೆಯ ಯಾವ ಭಾಗವನ್ನು ಎತ್ತಿ ಹಿಡಿಯಿತು, ಯಾವುದನ್ನು ಕೈಬಿಟ್ಟಿತು ಎಂಬುದು ಈ ಲೇಖನದ ಪ್ರಶ್ನೆ.

ಮೊದಲು ಕತೆಯ ಎಲುಬು. ಮದುವೆಗೆ ಮುಂಚೆ ಮೈನೆರೆದಳೆಂದು ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟುಹೋದ ಬ್ರಾಹ್ಮಣ ಹುಡುಗಿಯನ್ನು ಮೂರ್ತೆಯ (ಕಳ್ಳು ಇಳಿಸುವ) ಕಸುಬಿನ ಸಾಯನ ಬೈದ್ಯ ಮನೆಗೆ ತಂದು ತಂಗಿಯಂತೆ ಸಾಕುತ್ತಾನೆ. ಅವಳೇ ದೇಯಿ ಬೈದೆತಿ. ನಾಟಿ ಮದ್ದು ಬಲ್ಲವಳು. ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ನೆಟ್ಟು ವ್ರಣವಾದಾಗ ತುಂಬು ಬಸುರಿಯಾಗಿದ್ದ ಅವಳು ಮದ್ದು ಮಾಡಿ ಗುಣಪಡಿಸುತ್ತಾಳೆ. ಬಲ್ಲಾಳ ಅವಳ ಮಕ್ಕಳಿಗೆ ಭೂಮಿ ಕೊಡುವುದಾಗಿ ಮಾತು ಕೊಡುತ್ತಾನೆ. ಅವಳಿ ಮಕ್ಕಳನ್ನು ಹೆತ್ತ ಸ್ವಲ್ಪದರಲ್ಲೇ ಅವಳು ತೀರಿಕೊಳ್ಳುತ್ತಾಳೆ. ಮಕ್ಕಳು ದೊಡ್ಡವರಾದ ಮೇಲೆ ಮಂತ್ರಿ ಮಲ್ಲಯ ಬುದ್ಯಂತನೊಡನೆ ಗದ್ದೆಯ ನೀರಿಗಾಗಿ ಜಗಳವಾಗಿ ಅವನು ಸಾಯುತ್ತಾನೆ. ಕೊಟ್ಟ ಮಾತನ್ನು ಬಲ್ಲಾಳ ನಡೆಸುವುದಿಲ್ಲ. ಅಣ್ಣತಮ್ಮಂದಿರು ಊರು ಬಿಡುತ್ತಾರೆ, ಎಂದೂ ನೋಡದ ಅಕ್ಕ ಕಿನ್ನಿದಾರುವನ್ನು ಕಾಣುತ್ತಾರೆ, ಪಂಜದ ಕೇಮರ ಬಲ್ಲಾಳನ ಮೋಸಕ್ಕೆ ಸಿಕ್ಕಿ ಸೆರೆಯಾಗಿ ತಪ್ಪಿಸಿಕೊಂಡು ಎಣ್ಮೂರಿನ ದೇವ ಬಲ್ಲಾಳನ ಬಳಿ ಸೇರುತ್ತಾರೆ. ಒಂದು ಕಾಡುಹಂದಿಯ ಬೇಟೆ ಪಂಜ–ಎಣ್ಮೂರುಗಳ ನಡುವೆ ಯುದ್ಧ ಹುಟ್ಟಿಸುತ್ತದೆ. ಕೋಟಿ ಬಾಣ ತಾಗಿ ಬೀಳುತ್ತಾನೆ; ಚೆನ್ನಯ ಕಲ್ಲಿಗೆ ತಲೆ ಬಡಿದುಕೊಂಡು ಅಣ್ಣನ ಹಿಂದೆಯೇ ಹೋಗುತ್ತಾನೆ.

ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ದಿನಗಟ್ಟಲೆ ಹಾಡಲೂಬಹುದು. ಇದಕ್ಕೆ ಖಚಿತವಾದ ಸಾಕ್ಷಿಯಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳ ಮಹಾಕಾವ್ಯ. ಅದಕ್ಕೂ ಮೊದಲು ಅದೇ ಗಾಯಕರು ಆಕಾಶವಾಣಿಗಾಗಿ ಕೋಟಿ ಚೆನ್ನಯರ ಕತೆಯನ್ನು ಸುಮಾರು 20 ನಿಮಿಷಕ್ಕೆ ಇಳಿಸಿ ಹಾಡಿದ್ದರು. ಸಮಯದ ಮಿತಿಯಿಲ್ಲದೆ ಹಾಡಿ ಎಂದು ಹೊಂಕೊ ಕೇಳಿದಾಗ ಅದೇ ಕತೆ ಹದಿನೈದು ಗಂಟೆಗೆ, ಸುಮಾರು 7,000 ಸಾಲಿಗೆ ಹಬ್ಬಿತು.

ಈ ಒಂದು ಪ್ರಸಂಗ ನಮ್ಮ ಹೋಲಿಕೆಯ ಬುಡವನ್ನೇ ಬದಲಿಸುತ್ತದೆ. ಸಿನಿಮಾ ಮೂಲಕ್ಕೆ ನಿಷ್ಠವಾಗಿದೆಯೇ, ನಾಟಕದಲ್ಲಿ ಮೂಲವನ್ನು ತಿರುಚಿದ್ದಾರೆಯೇ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಇಲ್ಲಿ ಮೂಲ ಯಾವುದು? ಇಪ್ಪತ್ತು ನಿಮಿಷದ್ದೋ ಹದಿನೈದು ಗಂಟೆಯದೋ? ಎರಡೂ ಒಂದೇ ಬಾಯಿಂದ ಬಂದವು, ಎರಡೂ ಅಸಲಿ. ಹಾಡುವವರ ಮನಸ್ಸಿನಲ್ಲಿ ಕತೆಯ ಹಾದಿ ಇರುತ್ತದೆ, ನಿಲ್ದಾಣಗಳಿರುತ್ತವೆ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಸಂದರ್ಭ ತೀರ್ಮಾನಿಸುತ್ತದೆ. ಆದ್ದರಿಂದ ಈ ಕತೆಯ ಎಲ್ಲ ರೂಪಗಳನ್ನೂ, ಸಿನಿಮಾವನ್ನೂ ಸೇರಿಸಿ, ಸಂದರ್ಭಕ್ಕೆ ತಕ್ಕ ಹಾಡುವಿಕೆಗಳೆಂದೇ ನೋಡಬೇಕು ಎಂಬುದು ನನ್ನ ವಾದ.

ಹಾಡುವ ಸಂದರ್ಭಗಳು ಮುಖ್ಯವಾಗಿ ಎರಡು. ಮಳೆಗಾಲದಲ್ಲಿ ನೇಜಿ (ಭತ್ತದ ಸಸಿ) ನೆಡುವ ಗದ್ದೆ ಒಂದು. ಹಿರಿಯ ಹೆಂಗಸೊಬ್ಬಳು ಹೇಳಿಕೊಟ್ಟ ಸಾಲನ್ನು ಉಳಿದವರು ಸೊಂಟ ಬಗ್ಗಿಸಿ ನೇಜಿ ಊರುತ್ತಲೇ ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಇನ್ನೊಂದು ಗರಡಿಯ, ಅಂದರೆ ಈ ವೀರರ ಗುಡಿಯ, ನೇಮ ಎಂಬ ಆರಾಧನೆ. ಗದ್ದೆಯಲ್ಲಿ ಹಾಡುವ ಹೆಂಗಸರಿಗೆ ದೇಯಿಯ ಕಷ್ಟ, ಕಿನ್ನಿದಾರುವಿನ ಒಂಟಿತನ, ನೀರಿನ ಜಗಳ ಇವು ಹತ್ತಿರ. ಬುದ್ಯಂತನ ಪ್ರಸಂಗವನ್ನೇ ನೋಡಿ. ಮೇಲಿನ ಗದ್ದೆಯವನು ಕಟ್ಟ ಕಡಿದರೆ ಕೆಳಗಿನ ಗದ್ದೆಯ ಬೀಜ ಕೊಚ್ಚಿಹೋಗುತ್ತದೆ, ನೀರು ತಡೆದರೆ ಒಣಗುತ್ತದೆ ಎಂಬುದನ್ನು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹಾಡುವವಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ಆ ಜಗಳ ಭೂಮಿಯ ಹಕ್ಕಿನ ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಕತೆಯ ನಿಜವಾದ ಗಂಟು ಕೂಡ ಅದೇ: ದೊಡ್ಡವರು ದುಡಿಯುವವರಿಗೆ ಕೊಟ್ಟ ಮಾತನ್ನು ನಡೆಸಲಿಲ್ಲ.

ಗರಡಿಯಲ್ಲಿ ಒತ್ತು ಬೇರೆ. ಅಲ್ಲಿ ಅವರು ಸತ್ತ ವೀರರಲ್ಲ, ಬೈದೆರ್ಕಳು. ತುಳುವರ ದೈವ ಬೆರ್ಮೆರ ಜೊತೆ ನೆಲೆಯಾದ ಶಕ್ತಿಗಳು. ತುಳುನಾಡಿನ ಉದ್ದಗಲಕ್ಕೆ ಅವರ ಗರಡಿಗಳಿವೆ. ಎಣ್ಮೂರಿನದು ಆದಿ ಗರಡಿ ಎಂಬ ಗೌರವ ಪಡೆದಿದೆ. ದರ್ಶನ ಪಾತ್ರಿ ಸುರಿಯ ಎಂಬ ಕತ್ತಿ ಹಿಡಿದು ನಿಂತಾಗ ಅಲ್ಲಿ ನೆರೆದ ಜನ ಕತೆಯನ್ನು ಕೇಳಲು ಬಂದವರಲ್ಲ, ಕತೆಯವರ ಎದುರು ನಿಲ್ಲಲು ಬಂದವರು.

ಅಚ್ಚಿಗೆ ಈ ಪರಂಪರೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಿಂದ ಪಾಡ್ದನಗಳ ಸಂಗ್ರಹವೊಂದನ್ನು ಹೊರತಂದರು. ಎ.ಸಿ. ಬರ್ನೆಲ್ ಕೂಡಿಟ್ಟಿದ್ದ ಹಸ್ತಪ್ರತಿಗಳು, ಅವರು 1882ರಲ್ಲಿ ತೀರಿಕೊಂಡ ಬಳಿಕ, ಆರ್.ಸಿ. ಟೆಂಪಲ್ ಸಂಪಾದನೆಯಲ್ಲಿ 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಬಂದವು. ಕೋಟಿ ಚೆನ್ನಯರ ದೀರ್ಘ ಪಾಡ್ದನ ಅದರಲ್ಲಿದೆ. ಆ ಮಾಲೆಗೆ ಇಟ್ಟ ಹೆಸರು ತುಳುವರ ಭೂತಾರಾಧನೆಯನ್ನು ಪಿಶಾಚ ಪೂಜೆಯೆಂದು ಕರೆಯುವಂಥದು. ಆ ದೃಷ್ಟಿ ನಮಗೆ ಒಪ್ಪಿಗೆಯಾಗದು. ಆದರೂ ಅಂದಿನ ಪಾಠವೊಂದು ಉಳಿದದ್ದು ಅವರಿಂದ ಎಂಬುದನ್ನು ನೆನೆಯಲೇಬೇಕು.

ಕನ್ನಡ ಓದುಗರ ಮನೆಗೆ ಈ ಕತೆಯನ್ನು ತಂದವರು ಪಂಜೆ ಮಂಗೇಶರಾಯರು (1874–1937). ಶಿಕ್ಷಣ ಇಲಾಖೆಯಲ್ಲಿ ದುಡಿದ, ಮಕ್ಕಳಿಗಾಗಿ ಬರೆದ, ಬಂಟ್ವಾಳದಲ್ಲಿ ಹುಟ್ಟಿ ತುಳುವಿನ ನಡುವೆಯೇ ಬೆಳೆದ ಪಂಜೆಯವರ ‘ಕೋಟಿ ಚೆನ್ನಯ’ ತುಳು ಬಾರದ ಕನ್ನಡಿಗರಿಗೆ ಈ ವೀರರ ಪರಿಚಯ ಮಾಡಿಕೊಟ್ಟಿತು. ಗದ್ಯಕ್ಕೆ ಬಂದ ಕೂಡಲೇ ಕತೆಗೆ ಆದಿ, ಮಧ್ಯ, ಅಂತ್ಯಗಳ ಕ್ರಮ ಬಂತು. ಪಾಡ್ದನ ಒಂದೇ ಸಾಲನ್ನು ಎರಡು ಮೂರು ಬಾರಿ ಹೇಳುತ್ತದೆ, ಪ್ರಯಾಣದ ಪ್ರತಿ ಊರನ್ನೂ ಹೆಸರಿಸುತ್ತದೆ, ಉಡುವುದನ್ನು ಉಣ್ಣುವುದನ್ನು ಬಿಡಿಸಿ ಹೇಳುತ್ತದೆ. ಪುಸ್ತಕ ಇವನ್ನು ಸೋಸಿ ಘಟನೆಯನ್ನು ಉಳಿಸಿಕೊಳ್ಳುತ್ತದೆ. ಓದುವವನಿಗೆ ವೇಗ ಸಿಕ್ಕಿತು. ಹಾದಿಯ ಊರುಗಳು ತೆಳುವಾದವು. ಪಡುಮಲೆಯಿಂದ ಎಣ್ಮೂರಿಗೆ ನಡೆಯುವ ದೂರವನ್ನು ಕಾಲಿನಲ್ಲಿ ಬಲ್ಲ ಸುಳ್ಯದ ಓದುಗ ಈ ಕೊರತೆಯನ್ನು ತಾನೇ ತುಂಬಿಕೊಳ್ಳಬಲ್ಲ, ಧಾರವಾಡದ ಓದುಗನಿಗೆ ಅದು ಸಾಧ್ಯವಿಲ್ಲ.

ರಂಗಸ್ಥಳ ಪುಸ್ತಕದ ಹಾದಿಯನ್ನು ಹಿಡಿಯಲಿಲ್ಲ. ಯಕ್ಷಗಾನದ ತೆಂಕುತಿಟ್ಟಿನಲ್ಲಿ, ಮುಖ್ಯವಾಗಿ ತುಳು ಪ್ರಸಂಗಗಳು ಜನಪ್ರಿಯವಾದ ಕಾಲದಿಂದ, ಕೋಟಿ ಚೆನ್ನಯ ಆಟ ಪ್ರೇಕ್ಷಕರನ್ನು ಬೆಳಗಿನವರೆಗೆ ಕೂರಿಸಿತು. ಇಲ್ಲಿ ಕತೆಗಿಂತ ಅರ್ಥಗಾರಿಕೆ, ಅಂದರೆ ಪಾತ್ರಧಾರಿಗಳ ಆಶುಮಾತು, ದೊಡ್ಡದು. ಶಾಂತ ಸ್ವಭಾವದ ಕೋಟಿ, ಸಿಡುಕಿನ ಚೆನ್ನಯ ಎಂಬ ವ್ಯತ್ಯಾಸ ಪಾಡ್ದನದಲ್ಲಿ ಸೂಚನೆಯಾಗಿದ್ದರೆ, ರಂಗಸ್ಥಳದಲ್ಲಿ ಅದೇ ಇಡೀ ಪ್ರಸಂಗವನ್ನು ನಡೆಸುತ್ತದೆ. ಬಲ್ಲಾಳನ ಎದುರು ನಿಂತು ತಮ್ಮ ಹಕ್ಕು ಕೇಳುವ ಸಂದರ್ಭವನ್ನು ಇಬ್ಬರು ಒಳ್ಳೆಯ ಕಲಾವಿದರು ವಾದ–ಪ್ರತಿವಾದವಾಗಿ ಬೆಳೆಸಿದಾಗ ಅದು ನ್ಯಾಯಾಲಯದ ಕಲಾಪದಷ್ಟು ಬಿಗಿಯಾಗುತ್ತದೆ. ಪಾಡ್ದನದಲ್ಲಿ ಇಲ್ಲದ ತರ್ಕ, ಪುಸ್ತಕದಲ್ಲಿ ಇಲ್ಲದ ತಕ್ಷಣತೆ ಅಲ್ಲಿ ಹುಟ್ಟುತ್ತದೆ. ನೂರಾರು ಜನರ ಎದುರು ಒಬ್ಬ ಮೂರ್ತೆಯವನ ಅಳಿಯ ಅರಸನಿಗೆ ‘ಕೊಟ್ಟ ಮಾತು ಏನಾಯಿತು’ ಎಂದು ಕೇಳುವುದು ಬರೀ ಮನರಂಜನೆಯಾಗಿ ಉಳಿಯುವುದಿಲ್ಲ. ಈ ಒಂದು ದೃಶ್ಯದ ಮಟ್ಟಿಗೆ ರಂಗಸ್ಥಳ ಉಳಿದೆಲ್ಲ ರೂಪಗಳಿಗಿಂತ ಮೇಲು ಎಂದೇ ನಾನು ಹೇಳುತ್ತೇನೆ.

ಹೆಂಗಸರ ಭಾಗ ಮಾತ್ರ ಅಲ್ಲಿ ಕುಗ್ಗಿತು. ಪಾಡ್ದನದಲ್ಲಿ ಅಕ್ಕನ ಭೇಟಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಾಯಾರಿ ಬಂದ ಇಬ್ಬರು ಅಪರಿಚಿತರು ನೀರು ಕೇಳುತ್ತಾರೆ. ಗಂಡ ಪಯ್ಯಬೈದ್ಯ ಮನೆಯಲ್ಲಿಲ್ಲ. ನೀರು ಕೊಡುವ ಮೊದಲು ಯಾರು, ಎಲ್ಲಿಯವರು ಎಂಬ ಮಾತು. ಕುಡಿಯುವ ಮೊದಲು ನಿನ್ನ ತವರು ಯಾವುದು ಎಂಬ ಮಾತು. ಒಂದೊಂದು ಉತ್ತರದಲ್ಲೂ ಒಂದೊಂದು ಹೆಸರು ಹೊರಬರುತ್ತದೆ: ತಾಯಿಯದು, ಮಾವನದು, ಊರಿನದು. ತಾನು ಮಾತಾಡುತ್ತಿರುವುದು ಒಡಹುಟ್ಟಿದವರ ಜೊತೆ ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಕೇಳುವವರಿಗೆ ಅದು ಮೊದಲೇ ಗೊತ್ತಾಗಿರುತ್ತದೆ. ರಂಗದ ಮೇಲೆ ಇದೇ ಭೇಟಿ ಕರುಣ ರಸದ ಒಂದು ಪದ್ಯವಾಗಿ ಬೇಗ ಮುಗಿಯುವ ಸಂಭವ ಹೆಚ್ಚು. ಯುದ್ಧದ ಚೆಂಡೆ ಕಾದಿರುತ್ತದೆ.

ಸಿನಿಮಾದ ಚರಿತ್ರೆ ಚಿಕ್ಕದಾದರೂ ಗಮನಾರ್ಹ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ 1971ರಲ್ಲಿ ಬಂತು. ಎರಡೇ ವರ್ಷದಲ್ಲಿ, 1973ರಲ್ಲಿ, ಕಾದಂಬರಿಕಾರ ವಿಶುಕುಮಾರ್ ‘ಕೋಟಿ ಚೆನ್ನಯ’ವನ್ನು ನಿರ್ದೇಶಿಸಿದರು. ಇನ್ನೂ ಕಣ್ಣು ಬಿಡುತ್ತಿದ್ದ ಚಿತ್ರರಂಗ ಈ ಕತೆಯನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ: ಪ್ರೇಕ್ಷಕರಿಗೆ ಕತೆ ಮೊದಲೇ ಗೊತ್ತಿತ್ತು, ಅವರನ್ನು ಚಿತ್ರಮಂದಿರಕ್ಕೆ ಕರೆಯಲು ಹೆಸರೊಂದೇ ಸಾಕಿತ್ತು. ಮೂರು ದಶಕ ಕಳೆದು ಆನಂದ್ ಪಿ. ರಾಜು ಅದೇ ಹೆಸರಿನಲ್ಲಿ ಮಾಡಿದ ಚಿತ್ರ 2006ರ ಸಾಲಿನ 54ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತುಳು ಚಿತ್ರವೆನಿಸಿತು. 2019ರಲ್ಲಿ ಸೂರ್ಯೋದಯ ಪೆರಂಪಳ್ಳಿಯವರ ‘ದೇಯಿ ಬೈದೆತಿ’ ಬಂತು.

ಈ ಮೂರನೆಯದರ ಹೆಸರನ್ನೇ ಗಮನಿಸಬೇಕು. ಮಕ್ಕಳ ಕತೆಯ ಮುನ್ನುಡಿಯಾಗಿದ್ದ ತಾಯಿ ಅಲ್ಲಿ ಕತೆಯ ನಾಯಕಿಯಾದಳು. ಇದನ್ನು ಹೊಸ ಕಾಲದ ಆವಿಷ್ಕಾರ ಎಂದು ಕೆಲವರು ತಿಳಿದಾರು. ನೇಜಿ ನೆಡುವ ಹೆಂಗಸರು ದೇಯಿಯ ಬಳಿ ಎಷ್ಟು ಹೊತ್ತು ನಿಲ್ಲುತ್ತಿದ್ದರೆಂದು ಬಲ್ಲವರಿಗೆ ಇದು ಹೊಸತಲ್ಲ. ಪುಸ್ತಕವೂ ರಂಗಸ್ಥಳವೂ ಬದಿಗೆ ಸರಿಸಿದ್ದನ್ನು ತೆರೆ ಮತ್ತೆ ನಡುವಿಗೆ ತಂದಿತು. ಪಡುಮಲೆಯ ಸುತ್ತ ದೇಯಿಯ ಹೆಸರಿನ ಔಷಧೀಯ ವನವೂ ಬೆಳೆಯಿತು, ಅವಳ ಮನೆತನದ ನೆಲೆಯೆಂದು ನಂಬುವ ಗೆಜ್ಜೆಗಿರಿ ನಂದನ ಬಿತ್ತಿಲು ದೊಡ್ಡ ಕ್ಷೇತ್ರವಾಯಿತು. ಸಿನಿಮಾ ಮತ್ತು ಕ್ಷೇತ್ರ ಒಂದನ್ನೊಂದು ಬಲಪಡಿಸಿದವು.

ಹೋಲಿಕೆಗೆ ಪುತ್ತೂರಿನದೇ ಇನ್ನೊಂದು ಕತೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ, ಮಂಚಿಯ ಬಿ.ವಿ. ಕಾರಂತರು 1975ರಲ್ಲಿ ಅದನ್ನು ಸಿನಿಮಾ ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ, ಚೋಮನಾದ ಎಂ.ವಿ. ವಾಸುದೇವ ರಾಯರಿಗೆ ಅತ್ಯುತ್ತಮ ನಟ, ಶಿವರಾಮ ಕಾರಂತರಿಗೆ ಅತ್ಯುತ್ತಮ ಕತೆಯ ಪ್ರಶಸ್ತಿ ಬಂದವು. ಅಲ್ಲಿ ಕಾದಂಬರಿಯ ಪಾಠ ಒಂದೇ, ಬರೆದವರೊಬ್ಬರೇ. ಓದುಗ ಕಲ್ಪಿಸಿಕೊಳ್ಳಬೇಕಾಗಿದ್ದ ದುಡಿಯ ಬಡಿತವನ್ನು ಚಿತ್ರ ಕೇಳಿಸಿತು ಎಂದು ಖಚಿತವಾಗಿ ಹೇಳಬಹುದು, ಪುಟ ತೆರೆದು ತಾಳೆ ನೋಡಬಹುದು. ಭೂಮಿ ಕೇಳಿದವನಿಗೆ ಭೂಮಿ ಸಿಗದ ಕತೆಯೇ ಅದೂ. ಆದರೆ ಚೋಮ ಸತ್ತಾಗ ಕತೆ ಮುಗಿಯುತ್ತದೆ, ಅವನಿಗೆ ಗರಡಿಯಿಲ್ಲ.

ಕೋಟಿ ಚೆನ್ನಯರ ವಿಷಯದಲ್ಲಿ ಪುಸ್ತಕವೂ ಸಿನಿಮಾವೂ ತೊಡಕಿಗೆ ಸಿಲುಕುವುದು ಇಲ್ಲೇ. ಪುಸ್ತಕಕ್ಕೆ ಕೊನೆಯ ಪುಟ ಬೇಕು, ಸಿನಿಮಾಕ್ಕೆ ಕೊನೆಯ ದೃಶ್ಯ ಬೇಕು; ಎರಡೂ ಎಣ್ಮೂರಿನ ರಣದಲ್ಲಿ ನಿಲ್ಲುತ್ತವೆ, ಅಣ್ಣತಮ್ಮಂದಿರ ಸಾವಿನಿಂದ ಕಣ್ಣೀರು ತರಿಸುತ್ತವೆ. ಪಾಡ್ದನಕ್ಕೆ ಆ ಸಾವು ನಡುವಿನ ಒಂದು ನಿಲ್ದಾಣ ಮಾತ್ರ. ಮಾಯವಾದವರು ಮುಂದೆ ಊರೂರಿಗೆ ಹೋಗುತ್ತಾರೆ, ಗರಡಿ ಕಟ್ಟಿಸಿಕೊಳ್ಳುತ್ತಾರೆ, ಬದುಕಿದ್ದಾಗ ಸಿಗದ ಮರ್ಯಾದೆಯನ್ನು ಬಲ್ಲಾಳರ ವಂಶದವರಿಂದಲೇ ಪಡೆಯುತ್ತಾರೆ. ಕೊಟ್ಟ ಮಾತು ತಪ್ಪಿದ ಅನ್ಯಾಯಕ್ಕೆ ಪರಿಹಾರ ಸಿಗುವುದು ಆ ಉತ್ತರಭಾಗದಲ್ಲಿ. ಅದನ್ನು ಬಿಟ್ಟರೆ ಕತೆ ದುರಂತವಾಗುತ್ತದೆ. ಸೇರಿಸಿದರೆ ಅದು ನ್ಯಾಯದ ಕತೆ. ಇದುವರೆಗಿನ ಅಚ್ಚು ಮತ್ತು ತೆರೆಯ ರೂಪಗಳ ದೊಡ್ಡ ಕೊರತೆ ಇದು ಎಂಬುದು ನನ್ನ ತೀರ್ಮಾನ.

ಗದ್ದೆಯ ಹಾಡು ಈಗ ಅಪಾಯದಲ್ಲಿದೆ. ಸುಳ್ಯ ಸೀಮೆಯ ಬಹುಪಾಲು ಗದ್ದೆಗಳು ಅಡಿಕೆ ತೋಟವಾಗಿವೆ, ನೇಜಿ ನೆಡುವ ಸಾಲು ಇಲ್ಲವಾದಂತೆ ಹಾಡುವ ಕಂಠವೂ ಇಲ್ಲವಾಗುತ್ತಿದೆ. ನೇಮ ನಡೆಯುತ್ತದೆ, ಆಟ ನಡೆಯುತ್ತದೆ, ಸಿನಿಮಾ ಮತ್ತೊಂದು ಬರಬಹುದು. ಹೆಂಗಸರು ಹಾಡಿದ ಪಾಠಕ್ಕೆ ಮಾತ್ರ ಬೇರೆ ಆಸರೆಯಿಲ್ಲ. ಅಜ್ಜಾವರ, ಮಂಡೆಕೋಲು, ಪಂಜ, ಎಣ್ಮೂರುಗಳಲ್ಲಿ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ದೇಯಿಯ ಪಾಡ್ದನ ಬಲ್ಲ ಅಜ್ಜಿಯಿದ್ದರೆ ಈ ಮಳೆಗಾಲದಲ್ಲೇ ಅವರ ಬಳಿ ಕುಳಿತುಕೊಳ್ಳಿ. ಅವರು ಒಪ್ಪಿದರೆ ಮೊಬೈಲಿನಲ್ಲೇ ಧ್ವನಿಮುದ್ರಿಸಿ; ಹಾಡಿದವರ ಹೆಸರು, ಊರು, ದಿನಾಂಕ, ಯಾರಿಂದ ಕಲಿತರು ಎಂಬುದನ್ನು ಮೊದಲು ಹೇಳಿಸಿಕೊಳ್ಳಿ. ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.