ಪೆನ್ನಿಗೊಂದು ಕಪ್ಪು ಶಾಯಿ

ಮಲೆನಾಡಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ಒಂದು ಮಳೆಗಾಲ ಹೆಂಚು ಜಾರಿ ಅದರೊಳಕ್ಕೆ ನೀರಿಳಿಯಿತು. ತಡವಾಗಿ ತಿಳಿದು ತೆರೆದು ನೋಡಿದಾಗ ಒಳಗೆ ಎರಡು ಬಗೆಯ ಬರಹಗಳಿದ್ದವು. ಒಂದು, ಅಜ್ಜನ ಕೈಬರಹದ ಲೆಕ್ಕದ ಪುಸ್ತಕ. ಇನ್ನೊಂದು, ನನ್ನ ತಂದೆ ಪರವೂರಿನ ನೌಕರಿಯಲ್ಲಿದ್ದಾಗ ತಾಯಿಗೆ ಬರೆದ ಕಾಗದಗಳ ಕಟ್ಟು. ಎರಡೂ ಒಂದೇ ನೀರಿನಲ್ಲಿ ನೆನೆದಿದ್ದವು. ಅಜ್ಜನ ಪುಸ್ತಕದ ಅಂಚು ಕೊಳೆತಿತ್ತು, ಹಾಳೆಗಳು ಅಂಟಿಕೊಂಡಿದ್ದವು. ಆದರೆ ಅಡಕೆಯ ಮಣ, ಭತ್ತದ ಖಂಡುಗ, ಸಾಲ ಪಡೆದವರ ಹೆಸರು ಎಲ್ಲವೂ ನಿನ್ನೆ ಬರೆದಂತೆ ಕಪ್ಪಾಗಿ ನಿಂತಿದ್ದವು. ತಂದೆಯ ಕಾಗದಗಳಲ್ಲಿ ಅಕ್ಷರವೇ ಇರಲಿಲ್ಲ. ತಿಳಿನೇರಳೆಯ ಮೋಡಗಳಿದ್ದವು, ಅವುಗಳ ಅಂಚಿನಲ್ಲಿ ನೀಲಿ, ಒಂದೆರಡು ಕಡೆ ಕೆಂಪು. ತಂದೆ ಕಪ್ಪು ಶಾಯಿಯಲ್ಲದೆ ಬೇರೆಯದರಲ್ಲಿ ಬರೆದವರಲ್ಲ. ನೀಲಿ ಶಾಯಿ ಶಾಲೆಯ ಹುಡುಗರಿಗೆ ಎಂಬುದು ಅವರ ಮತ. ಅವರು ಕಪ್ಪೆಂದು ನಂಬಿ ಕೊಂಡ ಶಾಯಿಯೊಳಗೆ ಇಷ್ಟು ಬಣ್ಣಗಳು ಎಲ್ಲಿಂದ ಬಂದವು? ಈ ಪ್ರಶ್ನೆಯೇ ನನ್ನನ್ನು ಶಾಯಿಯ ಚರಿತ್ರೆಯತ್ತ ಎಳೆಯಿತು.

ಅಜ್ಜನದು ಮನೆಯಲ್ಲಿ ಮಾಡಿದ ಮಸಿ. ಹರಳೆಣ್ಣೆಯ ದೀಪದ ಮೇಲೆ ತಟ್ಟೆಯೊಂದನ್ನು ಕವುಚಿ ಹಿಡಿದ ಕಾಡಿಗೆ, ಅದಕ್ಕೆ ಗೋಂದಿನ ನೀರು, ಆಮೇಲೆ ಗಂಟೆಗಟ್ಟಲೆ ಅರೆಯುವ ಕೆಲಸ; ಅಷ್ಟೆ. ಚೀನೀಯರು ಪೈನ್ ಮರದ ಮಸಿಗೆ ವಜ್ರವನ್ನು, ಎಂದರೆ ಪ್ರಾಣಿಜನ್ಯ ಅಂಟನ್ನು, ಬೆರೆಸಿ ಕಡ್ಡಿ ಮಾಡಿಟ್ಟು ಬೇಕಾದಾಗ ನೀರಿನಲ್ಲಿ ತೇಯುತ್ತಿದ್ದರು. ಮೃತಸಮುದ್ರದ ದಂಡೆಯ ಗವಿಗಳಲ್ಲಿ ದೊರೆತ ಎರಡು ಸಾವಿರ ವರ್ಷಗಳಷ್ಟು ಹಳೆಯ ಸುರುಳಿಗಳಲ್ಲಿ ಹೆಚ್ಚಿನವು ಇಂಥ ಮಸಿಯವೇ. ಇಂಗಾಲ ನೀರಿನಲ್ಲಿ ಕರಗದು, ಬಿಸಿಲಿಗೆ ಮಾಸದು, ಗಾಳಿಗೆ ಬದಲಾಗದು. ನಮ್ಮ ಓಲೆಗರಿಗಳ ಕತೆಯೂ ಇದೇ. ಕಂಟದಿಂದ ಕೊರೆದ ಅಕ್ಷರ ಕಣ್ಣಿಗೆ ಕಾಣುವುದು ಕಾಡಿಗೆ ಸವರಿದ ಮೇಲೆ. ಇದಕ್ಕೆ ತದ್ವಿರುದ್ಧವಾದುದು ಕಡತ: ಹುಣಿಸೆ ಬೀಜದ ಅಂಟು ಮತ್ತು ಇದ್ದಲಿನಿಂದ ಬಟ್ಟೆಯನ್ನೇ ಕಪ್ಪಾಗಿಸಿ ಅದರ ಮೇಲೆ ಬಳಪದಿಂದ ಬಿಳಿಯದಾಗಿ ಬರೆಯುವುದು. ಅಳಿಸಿ ಮತ್ತೆ ಬರೆಯಬಹುದಾಗಿದ್ದ ಆ ವಸ್ತುವಿನ ಹೆಸರು ಇಂದು ಕಚೇರಿಗಳಲ್ಲಿ ಅಳಿಸಲಾಗದ ಫೈಲಿಗೆ ನಿಂತಿರುವುದು ಒಂದು ತಮಾಷೆ.

ಎರಡನೆಯ ಕಪ್ಪು ಕಬ್ಬಿಣದ್ದು. ಮಾಚಿಕಾಯಿಯ ಒಗರು ರಸಕ್ಕೆ ಅನ್ನಭೇದಿಯನ್ನು ಕೂಡಿಸಿದರೆ ಆಗುವ ಶಾಯಿ ಬರೆಯುವಾಗ ಪೇಲವವಾಗಿದ್ದು, ಗಾಳಿ ತಾಗಿದಂತೆಲ್ಲ ಕಾಗದದ ಎಳೆಯೊಳಗೇ ಕಪ್ಪಾಗುತ್ತದೆ. ಯೂರೋಪು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಇದರಲ್ಲಿ ಬರೆಯಿತು. ಬರೆಯುವಾಗಲೂ ಅಕ್ಷರ ಕಾಣಲೆಂದು ಇದಕ್ಕೆ ನೀಲಿಯನ್ನು ಸೇರಿಸಿದಾಗ ಹುಟ್ಟಿದ್ದು ‘ಬ್ಲೂ ಬ್ಲ್ಯಾಕ್’. ಈಗ ಆ ಹೆಸರಿನ ಬಹುಪಾಲು ಸೀಸೆಗಳಲ್ಲಿ ಕಬ್ಬಿಣವಿಲ್ಲ, ಹೆಸರು ಮಾತ್ರ ಉಳಿದಿದೆ. ಈ ಶಾಯಿ ನೀರಿಗೆ ಹೆದರದು, ಆದರೆ ಅದರ ಆಮ್ಲ ತನ್ನನ್ನು ಹೊತ್ತ ಕಾಗದವನ್ನೇ ತಿನ್ನುತ್ತದೆ. ಸಂಗೀತಗಾರ ಬಾಖ್‌ನ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳಿದ್ದ ಕಡೆಯೇ ತೂತು ಬಿದ್ದಿವೆ. ಹೀಗೆ ನಶಿಸುತ್ತಿದ್ದ ಹಸ್ತಪ್ರತಿಗಳನ್ನು ಉಳಿಸುವ ಬಗೆಗೆ 1898ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್ ಪಟ್ಟಣದಲ್ಲಿ ವಿದ್ವಾಂಸರ ಸಮ್ಮೇಳನವೇ ಸೇರಬೇಕಾಯಿತು.

ಇವೆರಡೂ ಅದ್ದಿ ಬರೆಯುವ ಲೆಕ್ಕಣಿಕೆಯ ಕಾಲದ ಶಾಯಿಗಳು. ಶಾಯಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಪೆನ್ನು ಬಂದಾಗ ನ್ಯಾಯ ಬದಲಾಯಿತು. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ಪೆನ್ನಿನ ಗುಟ್ಟೆಲ್ಲ ನಿಬ್ಬಿನ ಕೆಳಗಿನ ನಾಲಗೆಯಲ್ಲಿತ್ತು. ಅದರ ಕೂದಲೆಳೆಯಂಥ ಸೀಳುಗಳಲ್ಲಿ ಶಾಯಿ ಕೆಳಗಿಳಿಯುತ್ತದೆ, ಇಳಿದಷ್ಟು ಗಾಳಿ ಮೇಲೇರುತ್ತದೆ. ಆ ಸೀಳಿನಲ್ಲಿ ಅಜ್ಜನ ಮಸಿ ಒಣಗಿ ಕೂತರೆ ಪೆನ್ನಿನ ಕತೆ ಮುಗಿದಂತೆ. ಕಬ್ಬಿಣದ ಶಾಯಿಯಾದರೆ ಉಕ್ಕಿನ ನಿಬ್ಬನ್ನು ತಿನ್ನುತ್ತದೆ. ನಿಬ್ಬು ಬಂಗಾರದ್ದಾಗಿದ್ದುದು ಬರಿಯ ಶೋಕಿಗಲ್ಲ.

ಪೆನ್ನಿಗೆ ಬೇಕಾದುದು ನೀರಿನಂತೆ ಹರಿಯುವ ಶಾಯಿ. ಅದನ್ನು ಒದಗಿಸಿದ್ದು ಡಾಂಬರು. 1856ರಲ್ಲಿ ಹದಿನೆಂಟರ ತರುಣ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಹೊರಟು ಆಕಸ್ಮಿಕವಾಗಿ ನೇರಳೆ ಬಣ್ಣವನ್ನು ಪಡೆದ. ಹತ್ತು ಹನ್ನೊಂದು ವರ್ಷಗಳಲ್ಲಿ ಅದೇ ಅನಿಲಿನ್ ವಂಶದಿಂದ ನೈಗ್ರೊಸಿನ್ ಎಂಬ ಕಪ್ಪೂ ಬಂತು. ಇವು ನೀರಿನಲ್ಲಿ ಪೂರ್ಣವಾಗಿ ಕರಗುತ್ತವೆ. ಕರಗುವುದರಿಂದ ಹರಿಯುತ್ತವೆ, ಹರಿಯುವುದರಿಂದ ಪೆನ್ನು ಬದುಕುತ್ತದೆ. ಅದೇ ಕಾರಣದಿಂದ ನೀರು ಬಿದ್ದರೆ ಬರಹ ಸಾಯುತ್ತದೆ. ಅನೇಕ ಕಪ್ಪು ಶಾಯಿಗಳು ನೀಲಿ, ಕೆಂಪು, ಹಳದಿಗಳ ಕೂಡಿಕೆ. ಸಂಶಯವುಳ್ಳ ಕೇಳುಗರು ಒತ್ತುಕಾಗದದ ಮೇಲೆ ಒಂದು ತೊಟ್ಟು ಶಾಯಿ ಬಿಟ್ಟು ಅದರ ಅಂಚಿಗೆ ನೀರು ಮುಟ್ಟಿಸಿ ನೋಡಬಹುದು. ಸ್ವಲ್ಪ ಹೊತ್ತಿನಲ್ಲಿ ಒಟ್ಟು ಕುಟುಂಬ ಬೇರೆಯಾಗಿ ಒಬ್ಬೊಬ್ಬರು ಒಂದೊಂದು ದೂರಕ್ಕೆ ಹೋಗಿ ನಿಲ್ಲುತ್ತಾರೆ. ತಂದೆಯ ಕಾಗದಗಳ ಮೇಲೆ ನಾನು ಕಂಡದ್ದು ಇದನ್ನೇ.

ನಮ್ಮ ದೇಶದಲ್ಲಿ ಶಾಯಿಯ ಆಯ್ಕೆಗೆ ಇನ್ನೊಂದು ಒರೆಗಲ್ಲಿತ್ತು. 1931ರಲ್ಲಿ ಮುಂಬಯಿಯ ದಾಂಡೇಕರರು ಕುದುರೆ ಗುರುತಿನ ಶಾಯಿಪುಡಿ ಮತ್ತು ಮಾತ್ರೆಗಳನ್ನು ಹೊರತಂದರು. ಕ್ಯಾಮ್ಲಿನ್ ಬೆಳೆದದ್ದು ಅದರಿಂದ. 1934ರಲ್ಲಿ ಬಂಗಾಳದ ರಾಜಶಾಹಿಯಲ್ಲಿ ಮೈತ್ರ ಸಹೋದರರು ಸ್ವದೇಶೀ ವ್ರತದಿಂದಲೇ ‘ಸುಲೇಖಾ’ವನ್ನು ಆರಂಭಿಸಿದರು. ಮುಂದೆ ನಮ್ಮ ಮೈಸೂರಿನಿಂದ ಬ್ರಿಲ್ ಬಂತು. ವಿದೇಶೀ ಅರಸೊತ್ತಿಗೆಯ ವಿರುದ್ಧ ವಿದೇಶೀ ಶಾಯಿಯಲ್ಲೇ ಬರೆಯುವ ಸಂಕಟವನ್ನು ಅನುಭವಿಸಿದವರಿಗೆ ಬಣ್ಣದ ಗಾಢತೆ ಎರಡನೆಯ ಮಾತಾಗಿದ್ದಿರಬೇಕು.

ಗಾಢವಾದ ಕಪ್ಪು ಬೇಕೆನ್ನುವವರಿಗೆ ಇಂದು ದಾರಿ ಉಂಟು. ಜಪಾನಿನ ಪ್ಲಾಟಿನಮ್, ಸೇಲರ್ ಮೊದಲಾದ ಕಂಪನಿಗಳು ಪೆನ್ನಿನ ಸೀಳಿನಲ್ಲಿ ಸಲೀಸಾಗಿ ಹಾಯುವಷ್ಟು ನುಣ್ಣನೆಯ ಕಣಗಳ ಶಾಯಿಯನ್ನು ಮಾಡುತ್ತವೆ. ಎಂದರೆ ಅಜ್ಜನ ಕಾಡಿಗೆಯೇ ಪೆನ್ನಿಗೆ ಒಗ್ಗಿ ಮರಳಿ ಬಂದಿದೆ. ಕರಗಿದ ಬಣ್ಣ ಕಾಗದದೊಳಗೆ ಇಂಗಿ ತೆಳುವಾದರೆ, ಈ ಕಣಗಳು ಹೆಚ್ಚಾಗಿ ಮೇಲೆಯೇ ನಿಂತು ಬೆಳಕನ್ನು ನುಂಗುತ್ತವೆ. ಆದರೆ ಇದು ದುಡಿಸಿಕೊಳ್ಳುವ ಶಾಯಿ. ದಿನವೂ ಬರೆಯಬೇಕು, ಆಗಾಗ ಪೆನ್ನನ್ನು ನೀರಿನಲ್ಲಿ ತೊಳೆಯಬೇಕು, ಮುಚ್ಚಳ ತೆರೆದಿಟ್ಟು ಮರೆಯುವ ನನ್ನಂಥವರು ಬೆಲೆಯುಳ್ಳ ಪೆನ್ನಿಗೆ ಇದನ್ನು ತುಂಬಕೂಡದು. ದಿನಸಿಯ ಪಟ್ಟಿ, ಸಾಮಾನ್ಯ ಪತ್ರ, ಈ ಭಾಷಣದ ಕರಡು, ಇವಕ್ಕೆ ಕರಗುವ ಶಾಯಿಯೇ ನನಗೆ ಸಾಕು. ಸಾಧಾರಣ ಪೆನ್ನೊಂದನ್ನು ಮಾತ್ರ ಕಾಡಿಗೆಗೆಂದು ಮೀಸಲಿಟ್ಟಿದ್ದೇನೆ.

ಅದರಲ್ಲಿ ಬರೆದದ್ದು ಹೆಚ್ಚಿಲ್ಲ. ಪೆಟ್ಟಿಗೆ ತೆರೆದ ದಿನ ಅಮ್ಮ ಇನ್ನೂ ಇದ್ದರು. ನೇರಳೆ ಮೋಡದ ಹಾಳೆಗಳನ್ನು ಒಂದೊಂದಾಗಿ ತಿರುವಿ, ಕೆಲವನ್ನು ಬಾಯಿಪಾಠ ಹೇಳಿದರು. ನಾನು ಕೈಗೆ ಸಿಕ್ಕಿದ ಚೀಟಿಗಳ ಮೇಲೆ ಗುರುತು ಹಾಕಿಕೊಂಡೆ. ಅವನ್ನು ಮೊನ್ನೆ ಅಜ್ಜನ ಲೆಕ್ಕದ ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ ಕಪ್ಪು ಶಾಯಿಯಿಂದ ಪ್ರತಿಮಾಡಿದೆ. ಮೂರು ಕಾಗದಗಳು ಪೂರ್ತಿಯಾಗಿವೆ. ನಾಲ್ಕನೆಯದರ ಅರ್ಧ ಮಾತ್ರ ಅಮ್ಮನಿಗೆ ನೆನಪಿತ್ತು.